ಮೂತಿ ಒಂದೇ ಆದರೂ ಕೇಬಲ್ ಬೇರೆ ಬೇರೆ ಏಕೆ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿಯಲ್ಲಿರುವ ನಿವೃತ್ತ ಅಧ್ಯಾಪಕ. ನಮ್ಮ ಮನೆಯ ಡ್ರಾಯರಿನಲ್ಲಿ ಹದಿನಾಲ್ಕು ಕೇಬಲ್‌ಗಳಿವೆ. ಕಳೆದ ತಿಂಗಳು ಮಗ ತನ್ನ ಹಳೆಯ ಲ್ಯಾಪ್‌ಟಾಪನ್ನು ಅದರ 65 ವ್ಯಾಟ್ ಚಾರ್ಜರು, ದಪ್ಪ ಕೇಬಲು ಸಮೇತ ಕೊಟ್ಟು, ‘ಇನ್ನು ಎಲ್ಲವೂ ಟೈಪ್-ಸಿ, ಈ ಒಂದು ಕೇಬಲ್ ಸಾಕು’ ಎಂದು ಹೇಳಿ ಹೋದ. ಆದರೆ ಅದಕ್ಕೆ ಹಚ್ಚಿದರೆ ನನ್ನ ಫೋನು ತನ್ನದೇ 67 ವ್ಯಾಟ್ ಚಾರ್ಜರಿನಲ್ಲಿ ಆಗುವಷ್ಟು ಬೇಗ ಚಾರ್ಜ್ ಆಗುವುದಿಲ್ಲ. ಫೋನಿನ ಚಾರ್ಜರಿಗೆ ಲ್ಯಾಪ್‌ಟಾಪ್ ಹಚ್ಚಿದರೆ ಅದು ಮಿಸುಕುವುದೇ ಇಲ್ಲ. ಕರೆಂಟು ಹೋದಾಗ ಬಳಸುವ ರೀಚಾರ್ಜ್ ದೀಪಕ್ಕೂ ಟೈಪ್-ಸಿ ತೂತೇ ಇದೆ; ಹಳೆಯ ತೆಳು ಕೇಬಲಿನಲ್ಲಿ ಚಾರ್ಜ್ ಆಗುತ್ತದೆ, ಹೊಸ ದಪ್ಪ ಕೇಬಲಿನಲ್ಲಿ ಆಗುವುದಿಲ್ಲ. ತಾಳಮದ್ದಲೆಗಳ ಸುಮಾರು 200 ಗಿಗಾಬೈಟ್ ಧ್ವನಿ-ದೃಶ್ಯ ಮುದ್ರಣಗಳನ್ನು ಹೊಸ ಎಸ್‌ಎಸ್‌ಡಿ ಡಿಸ್ಕಿಗೆ ಅದೇ ದಪ್ಪ ಕೇಬಲಿನಿಂದ ಹಾಕಿದೆ, ಒಂದೂವರೆ ಗಂಟೆಗೂ ಹೆಚ್ಚು ಹಿಡಿಯಿತು. ಇದರ ಮೇಲೆ ಪೇಟೆಯ ಅಂಗಡಿಯವರು, ‘65 ವ್ಯಾಟ್ ಚಾರ್ಜರಿಗೆ ಫೋನು ಹಚ್ಚಿದರೆ ಆರು ತಿಂಗಳಲ್ಲಿ ಬ್ಯಾಟರಿ ಹಾಳು’ ಎಂದು ಹೆದರಿಸಿದ್ದಾರೆ. ಯಾವುದು ಕೆಟ್ಟಿದೆ? ಎಲ್ಲದಕ್ಕೂ ಆಗುವ ಒಂದು ಒಳ್ಳೆಯ ಕೇಬಲ್ ಯಾವುದು?

ಉತ್ತರ: ನಿಮ್ಮ ಪತ್ರ ಓದಿ ನನ್ನ ಡ್ರಾಯರನ್ನೂ ತೆರೆದು ಎಣಿಸಲು ಕುಳಿತೆ. ನಲವತ್ತು ದಾಟಿದ ಮೇಲೆ ನಾಚಿಕೆಯಾಗಿ ಮುಚ್ಚಿಟ್ಟೆ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಲ್ಯಾಪ್‌ಟಾಪ್, ಫೋನ್‌ಗಳ ದುರಸ್ತಿ ಮಾಡಿಕೊಂಡಿದ್ದೇನೆ. ‘ಕೆಟ್ಟುಹೋಗಿದೆ’ ಎಂದು ನನ್ನ ಮೇಜಿಗೆ ಬರುವ ಎಷ್ಟೋ ಸಾಧನಗಳು ಕೆಟ್ಟಿರುವುದೇ ಇಲ್ಲ. ಕೇಬಲ್ ಬದಲಿಸಿದರೆ ಎದ್ದು ಕೂರುತ್ತವೆ. ನಿಮ್ಮ ಮನೆಯಲ್ಲಿಯೂ ಅದೇ ಕಥೆ. ನೀವು ಬರೆದ ದೂರುಗಳಲ್ಲಿ ನಿಜವಾದ ದೋಷ ಇರುವುದು ಒಂದರಲ್ಲಿ ಮಾತ್ರ. ಅದೂ ಕೇಬಲಿನದಲ್ಲ, ದೀಪದ್ದು.

ಮಗ ಹೇಳಿದ್ದು ಅರ್ಧ ಸತ್ಯ. ಟೈಪ್-ಸಿ ಎಂಬುದು ಮೂತಿಯ ಆಕಾರಕ್ಕೆ ಇಟ್ಟ ಹೆಸರು. ತೂತಿಗೆ ಕೂರುತ್ತದೆಯೇ ಇಲ್ಲವೇ ಎಂಬುದನ್ನು ಅದು ಹೇಳುತ್ತದೆ, ಅಷ್ಟೆ. ಒಳಗೆ ಎಷ್ಟು ತಂತಿಗಳಿವೆ, ಅವು ಎಷ್ಟು ದಪ್ಪ, ಎಷ್ಟು ವೇಗದಲ್ಲಿ ಮಾಹಿತಿ ಒಯ್ಯುತ್ತವೆ, ಎಷ್ಟು ವಿದ್ಯುತ್ತನ್ನು ತಾಳುತ್ತವೆ ಎಂಬ ಯಾವುದನ್ನೂ ಆಕಾರ ಹೇಳುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತೇವಲ್ಲ, ಹಾಗೆ.

ಹಿಂದೆ ಆಕಾರವೇ ಗುರುತಾಗಿತ್ತು. ಕಂಪ್ಯೂಟರಿಗೆ ಇತರ ಸಾಧನಗಳನ್ನು ಜೋಡಿಸುವ ಯುಎಸ್‌ಬಿ ವ್ಯವಸ್ಥೆಯ ಮೊದಲ ಮಾನದಂಡ 1996ರಲ್ಲಿ ಬಂದಾಗ ಕಂಪ್ಯೂಟರ್ ಕಡೆಗೆ ಚಪ್ಪಟೆಯ ಟೈಪ್-ಎ, ಪ್ರಿಂಟರ್ ಕಡೆಗೆ ಚೌಕಾಕಾರದ ಟೈಪ್-ಬಿ. ಎರಡು ತುದಿಗಳನ್ನು ಬೇಕೆಂದೇ ಬೇರೆ ಮಾಡಿದ್ದರು. ಯಜಮಾನ ಯಾರು, ಕೆಲಸದವ ಯಾರು ಎಂಬುದು ಮೂತಿಯಲ್ಲಿಯೇ ತಿಳಿಯಬೇಕು, ಯಾರೂ ಎರಡು ಕಂಪ್ಯೂಟರುಗಳನ್ನು ಒಂದಕ್ಕೊಂದು ಚುಚ್ಚಿ ಅನಾಹುತ ಮಾಡಬಾರದು ಎಂಬುದು ಉದ್ದೇಶ. ಆಮೇಲೆ ಕ್ಯಾಮೆರಾಗಳಿಗೆ ಮಿನಿ ಬಂತು, 2007ರಲ್ಲಿ ಫೋನ್‌ಗಳಿಗಾಗಿ ಮೈಕ್ರೋ ಬಂತು. ಮೈಕ್ರೋವನ್ನು ಎಲ್ಲರೂ ಬೈದದ್ದೇ ಬೈದದ್ದು. ಆದರೆ ಅದರಲ್ಲೊಂದು ಜಾಣತನವಿತ್ತು. ಬಿಗಿಯಾಗಿ ಹಿಡಿಯುವ ಪುಟ್ಟ ಕೊಕ್ಕೆಗಳನ್ನು ಫೋನಿನಿಂದ ತೆಗೆದು ಕೇಬಲಿನ ಮೂತಿಗೆ ಕೊಟ್ಟರು. ಸವೆದರೆ ನೂರು ರೂಪಾಯಿಯ ಕೇಬಲ್ ಸವೆಯಲಿ, ಫೋನು ಉಳಿಯಲಿ ಎಂಬ ಲೆಕ್ಕ.

ಟೈಪ್-ಎ ಪ್ಲಗ್ಗನ್ನು ಮೂರು ಸಲ ತಿರುಗಿಸದೆ ಕೂರಿಸಿದವರನ್ನು ನಾನು ಕಂಡಿಲ್ಲ. ಯುಎಸ್‌ಬಿಯ ವಿನ್ಯಾಸ ತಂಡವನ್ನು ಇಂಟೆಲ್‌ನಲ್ಲಿ ಮುನ್ನಡೆಸಿದವರು ವಡೋದರದ ವಿಶ್ವವಿದ್ಯಾಲಯದಲ್ಲಿ ಓದಿದ ಅಜಯ್ ಭಟ್. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಿದೆ. ಎರಡೂ ಕಡೆಯಿಂದ ಹಾಕುವಂತೆ ಮಾಡಿದ್ದರೆ ತಂತಿಗಳೂ ವೆಚ್ಚವೂ ದುಪ್ಪಟ್ಟಾಗುತ್ತಿದ್ದವು ಎಂದು ಅವರೇ ಹೇಳಿದ್ದಾರೆ. ಆ ಕಾಲಕ್ಕೆ ಕಂಪ್ಯೂಟರ್ ಕಂಪನಿಗಳನ್ನು ಒಪ್ಪಿಸಲು ಅಗ್ಗವಾಗಿರುವುದೇ ಮುಖ್ಯವಾಗಿತ್ತು. ತಲೆಕೆಳಗಾದರೂ ಕೂರುವ ಟೈಪ್-ಸಿ ಬರಲು 2014ರ ತನಕ ಕಾಯಬೇಕಾಯಿತು.

ಈಗ ನಿಮ್ಮ ದಪ್ಪ ಕೇಬಲಿಗೆ ಬರೋಣ. ಹಳೆಯ ಟೈಪ್-ಎಯಲ್ಲಿ ನಾಲ್ಕೇ ಪಿನ್‌ಗಳು: ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಟೈಪ್-ಸಿ ಪೋರ್ಟಿನಲ್ಲಿ 24 ಪಿನ್‌ಗಳಿವೆ. ಅವುಗಳಲ್ಲಿ ಎಂಟು ಅತಿವೇಗದ ಮಾಹಿತಿಗೇ ಮೀಸಲು. ಆದರೆ ಪೋರ್ಟಿನಲ್ಲಿ 24 ಪಿನ್‌ಗಳಿವೆ ಎಂದ ಮಾತ್ರಕ್ಕೆ ಕೇಬಲಿನಲ್ಲಿ ಅಷ್ಟೂ ತಂತಿಗಳು ಇರಬೇಕೆಂದಿಲ್ಲ. ಚಾರ್ಜರಿನ ಜೊತೆ ಬರುವ ಕೇಬಲ್‌ಗಳಲ್ಲಿ ಬಹುಪಾಲಿನವಕ್ಕೆ ಆ ಎಂಟು ತಂತಿಗಳನ್ನು ಹಾಕಿಯೇ ಇರುವುದಿಲ್ಲ. ನಿಮ್ಮ ಕೇಬಲಿನ ದಪ್ಪವೆಲ್ಲ ವಿದ್ಯುತ್ತಿನ ತಂತಿಗಳದು. ಮಾಹಿತಿಯ ವಿಷಯದಲ್ಲಿ ಅದು 2000ನೇ ಇಸವಿಯ ಯುಎಸ್‌ಬಿ 2.0, ಎಂದರೆ ಸೆಕೆಂಡಿಗೆ ಹೆಚ್ಚೆಂದರೆ 480 ಮೆಗಾಬಿಟ್ (ಎಂಟು ಬಿಟ್ ಸೇರಿದರೆ ಒಂದು ಬೈಟ್). ಕಾಗದದ ಮೇಲಿನ ಈ ವೇಗ ಬಳಕೆಯಲ್ಲಿ ಸೆಕೆಂಡಿಗೆ 35 ಮೆಗಾಬೈಟ್ ಆಸುಪಾಸಿಗೆ ಇಳಿಯುತ್ತದೆ. ನಿಮ್ಮ 200 ಗಿಗಾಬೈಟನ್ನು ಅದರಿಂದ ಭಾಗಿಸಿ ನೋಡಿ, ಒಂದೂವರೆ ಗಂಟೆ ದಾಟುತ್ತದೆ. ನೀವು ಗಡಿಯಾರ ನೋಡಿ ಬರೆದ ಲೆಕ್ಕವೇ ಕೇಬಲ್ ಯಾವುದೆಂದು ಹೇಳಿಬಿಟ್ಟಿದೆ. ಎಸ್‌ಎಸ್‌ಡಿಯ ಪೆಟ್ಟಿಗೆಯಲ್ಲಿ ಒಂದು ಮೊಳವೂ ಇಲ್ಲದ ಗಿಡ್ಡ ಕೇಬಲ್ ಇರಬೇಕು, ಹುಡುಕಿ. ಅದು ಕನಿಷ್ಠ 5 ಗಿಗಾಬಿಟ್ ವೇಗದ್ದಾಗಿರುತ್ತದೆ. ಲ್ಯಾಪ್‌ಟಾಪಿನ ಪೋರ್ಟೂ ಅಷ್ಟೇ ವೇಗದ್ದಾಗಿದ್ದರೆ ಅದೇ ಕೆಲಸ ಹತ್ತು ನಿಮಿಷದ ಸುಮಾರಿಗೆ ಮುಗಿಯುತ್ತದೆ.

ಗಿಡ್ಡ ಎಂದದ್ದಕ್ಕೂ ಕಾರಣವಿದೆ. ವೇಗ ಹೆಚ್ಚಿದಷ್ಟೂ ಸಂಕೇತ ದಾರಿಯಲ್ಲಿ ಬೇಗ ಸೊರಗುತ್ತದೆ. ಯುಎಸ್‌ಬಿ 2.0 ಕೇಬಲ್ ಐದು ಮೀಟರ್ ಉದ್ದವಿದ್ದರೂ ನಡೆಯುತ್ತದೆ. 40 ಗಿಗಾಬಿಟ್ ವೇಗದ ಸಾಮಾನ್ಯ ಕೇಬಲ್ 80 ಸೆಂಟಿಮೀಟರ್ ದಾಟುವುದಿಲ್ಲ. ಎರಡು ಮೀಟರ್ ಉದ್ದದ, 40 ಗಿಗಾಬಿಟ್ ವೇಗದ, ಮುನ್ನೂರು ರೂಪಾಯಿಯ ಕೇಬಲ್ ಇದೆ ಎಂದು ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ.

ವೇಗದ ಹೆಸರುಗಳ ಬಗ್ಗೆ ನನಗೆ ಹಳೆಯ ಸಿಟ್ಟಿದೆ. 2008ರಲ್ಲಿ ಬಂದ 5 ಗಿಗಾಬಿಟ್ ವೇಗದ ಯುಎಸ್‌ಬಿ 3.0ಕ್ಕೆ ಮುಂದೆ 3.1 ಜೆನ್ 1 ಎಂದು, ಆಮೇಲೆ 3.2 ಜೆನ್ 1 ಎಂದು ಮರುನಾಮಕರಣ ಮಾಡಿದರು. ಮಗು ಅದೇ, ನಾಮಕರಣ ಮೂರು ಸಲ. ಗಿರಾಕಿ ‘3.2’ ಎಂದು ಓದಿ ಹೊಸತೆಂದುಕೊಂಡು ಹಳೆಯದನ್ನೇ ಕೊಳ್ಳುತ್ತಾನೆ. ಈಗ ಯುಎಸ್‌ಬಿಯ ಮಾನದಂಡ ರೂಪಿಸುವ ಸಂಸ್ಥೆಯೇ ಪೆಟ್ಟಿಗೆಯ ಮೇಲೆ 5, 10, 20, 40 ಎಂದು ಗಿಗಾಬಿಟ್ ಲೆಕ್ಕವನ್ನು ನೇರವಾಗಿ ಮುದ್ರಿಸುವಂತೆ ಹೇಳಿದೆ. ನೀವು ಆ ಸಂಖ್ಯೆಯನ್ನು ಮಾತ್ರ ನೋಡಿ, ಉಳಿದ ಅಂಕಿಗಳನ್ನು ಮರೆತುಬಿಡಿ. ಟೈಪ್-ಎ ಪೋರ್ಟಿನ ಒಳಗೆ ನೀಲಿ ನಾಲಿಗೆ ಕಂಡರೆ ಸಾಮಾನ್ಯವಾಗಿ 5 ಗಿಗಾಬಿಟ್ ಎಂದು ಹಿಡಿಯಬಹುದು. ಆದರೆ ನೀಲಿ ಬಣ್ಣ ಕಡ್ಡಾಯವಲ್ಲ, ಬರೀ ಬಣ್ಣ ಬಳಿದು ಮಾರುವವರೂ ಇದ್ದಾರೆ.

ಇನ್ನು ಚಾರ್ಜಿಂಗ್. ಅಂಗಡಿಯವರ ಬೆದರಿಕೆಯನ್ನು ಮೊದಲು ಬಿಡಿಸುತ್ತೇನೆ, ಏಕೆಂದರೆ ಉಳಿದದ್ದು ಅದರ ಹಿಂದೆಯೇ ಬಿಚ್ಚಿಕೊಳ್ಳುತ್ತದೆ. ಗೋಡೆಗೆ ಚುಚ್ಚುವ ವಸ್ತುವನ್ನು ನಾವು ಚಾರ್ಜರ್ ಎನ್ನುತ್ತೇವೆ, ಆದರೆ ಅದು ವಿದ್ಯುತ್ ಒದಗಿಸುವ ಅಡಾಪ್ಟರ್ ಮಾತ್ರ. ಬ್ಯಾಟರಿಗೆ ಎಷ್ಟು ಹೋಗಬೇಕು, ಯಾವಾಗ ನಿಲ್ಲಬೇಕು ಎಂದು ತೀರ್ಮಾನಿಸುವ ನಿಜವಾದ ಚಾರ್ಜರ್ ಫೋನಿನ ಒಳಗಿದೆ. ನಿಮ್ಮ ಅಡಿಕೆ ತೋಟಕ್ಕೆ ಹೋಲಿಸಿ: ಕೆರೆ ದೊಡ್ಡದಿದೆ ಎಂದು ಮರಕ್ಕೆ ನೀರು ಹೆಚ್ಚಾಗುವುದಿಲ್ಲ, ತೂಬು ತೆರೆದಷ್ಟೇ ಹರಿಯುತ್ತದೆ. 65 ವ್ಯಾಟ್ ಎಂಬುದು ಕೆರೆಯ ಗಾತ್ರ. ತೂಬು ಫೋನಿನ ಕೈಯಲ್ಲಿದೆ.

ಟೈಪ್-ಸಿಯಲ್ಲಿ ಈ ತೂಬಿನ ವ್ಯವಹಾರ ಅಕ್ಷರಶಃ ಮಾತುಕತೆಯಿಂದಲೇ ನಡೆಯುತ್ತದೆ. ಅದಕ್ಕೆಂದೇ ಕೇಬಲಿನಲ್ಲಿ ಒಂದು ತೆಳುವಾದ ತಂತಿ ಬೇರೆ ಇದೆ. ಹಚ್ಚಿದ ಕ್ಷಣ ಅಡಾಪ್ಟರ್ 5 ವೋಲ್ಟ್ ಮಾತ್ರ ಕೊಡುತ್ತದೆ. ಆಮೇಲೆ ‘ನನ್ನಲ್ಲಿ 9, 15, 20 ವೋಲ್ಟ್ ಕೂಡ ಇದೆ’ ಎಂದು ಪಟ್ಟಿ ಮುಂದಿಡುತ್ತದೆ. ಲ್ಯಾಪ್‌ಟಾಪ್ ‘ನನಗೆ 20’ ಎಂದು ಕೇಳುತ್ತದೆ, ಫೋನು ‘9 ಸಾಕು’ ಎನ್ನುತ್ತದೆ. ಈ ಸಂಭಾಷಣೆಯ ನಿಯಮಗಳಿಗೆ ಪವರ್ ಡೆಲಿವರಿ ಎಂದು ಹೆಸರು. ಕೇಳದೆ ಹೆಚ್ಚು ವೋಲ್ಟ್ ಕೊಡುವಂತಿಲ್ಲ. ಆದ್ದರಿಂದ ಒಳ್ಳೆಯ 65 ವ್ಯಾಟ್ ಅಡಾಪ್ಟರಿಗೆ ನಿಮ್ಮ ಫೋನನ್ನು ನಿಶ್ಚಿಂತೆಯಿಂದ ಹಚ್ಚಿ. ಬ್ಯಾಟರಿಯ ನಿಜವಾದ ಶತ್ರು ಬಿಸಿ. ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡುವುದು, ಬಿಸಿಲು ಬೀಳುವ ಕಿಟಕಿಯಲ್ಲಿ ಇಡುವುದು, ಇವು ವ್ಯಾಟಿಗಿಂತ ಹೆಚ್ಚು ಹಾನಿ ಮಾಡುತ್ತವೆ.

ಹಾಗಾದರೆ ಫೋನು ಅಲ್ಲಿ ಏಕೆ ನಿಧಾನ? ಭಾಷೆಯ ಸಮಸ್ಯೆ. ಹಲವು ಫೋನ್ ಕಂಪನಿಗಳು ಎಲ್ಲರೂ ಒಪ್ಪಿದ ಪವರ್ ಡೆಲಿವರಿಯ ಜೊತೆಗೆ, ಅಥವಾ ಅದರ ಬದಲಿಗೆ, ತಮ್ಮದೇ ಗುಟ್ಟಿನ ಭಾಷೆಯನ್ನು ಇಟ್ಟುಕೊಂಡಿವೆ. 67 ವ್ಯಾಟ್ ವೇಗ ಸಿಗುವುದು ಆ ಕಂಪನಿಯ ಅಡಾಪ್ಟರ್, ಆ ಕಂಪನಿಯ ಕೇಬಲ್, ಆ ಕಂಪನಿಯ ಫೋನು ಮೂರೂ ಸೇರಿದಾಗ ಮಾತ್ರ. ಅಪರಿಚಿತ ಅಡಾಪ್ಟರ್ ಎದುರಾದರೆ ಫೋನು ಹುಷಾರಾಗಿ, ಸಾಮಾನ್ಯವಾಗಿ 10, 15, 18 ವ್ಯಾಟಿನಂಥ ಕಡಿಮೆ ಪ್ರಮಾಣಕ್ಕೆ ಒಪ್ಪಿಕೊಳ್ಳುತ್ತದೆ. ನಿಧಾನ, ಆದರೆ ಹಾನಿಯಿಲ್ಲ. ರಾತ್ರಿ ಚಾರ್ಜ್ ಮಾಡುವವರಿಗೆ ಅದೇ ಒಳ್ಳೆಯದು, ಬಿಸಿ ಕಡಿಮೆ.

ತಿರುವುಮುರುವು ಸಂಗತಿಯೂ ಇದರಿಂದಲೇ. ನಿಮ್ಮ ಫೋನಿನ ಅಡಾಪ್ಟರಿಗೆ ಲ್ಯಾಪ್‌ಟಾಪಿನ ಭಾಷೆ ಬರುವುದಿಲ್ಲ. ಅದರಲ್ಲಿ ಇರುವುದು ಟೈಪ್-ಎ ತೂತಾದರೆ ಕೇಳುವುದೇ ಬೇಡ. ಆ ತೂತಿನಲ್ಲಿ ಪವರ್ ಡೆಲಿವರಿಯ ಮಾತುಕತೆಯ ತಂತಿಯೇ ಇಲ್ಲ. ಗುರುತಿಲ್ಲದವರಿಗೆ ಅದು 5 ವೋಲ್ಟ್ ಕೊಟ್ಟು ಕೂರುತ್ತದೆ. 20 ವೋಲ್ಟ್ ಬೇಕಾದ ಲ್ಯಾಪ್‌ಟಾಪ್ ಅದನ್ನು ಮೂಸಿಯೂ ನೋಡುವುದಿಲ್ಲ.

ಕೇಬಲಿಗೂ ಇಲ್ಲಿ ಒಂದು ಮಾತಿದೆ. ಎರಡೂ ಕಡೆ ಟೈಪ್-ಸಿ ಇರುವ ಯಾವ ಕೇಬಲ್ ಆದರೂ ನಿಯಮದಂತೆ 3 ಆಂಪಿಯರ್ ತಾಳಬೇಕು. 20 ವೋಲ್ಟಿನಲ್ಲಿ ಅದು 60 ವ್ಯಾಟ್. ಅದಕ್ಕಿಂತ ಹೆಚ್ಚಿಗೆ ಕೇಬಲಿನ ಮೂತಿಯೊಳಗೆ ಒಂದು ಪುಟ್ಟ ಗುರುತಿನ ಚಿಪ್ ಇರಲೇಬೇಕು. ‘ನಾನು 5 ಆಂಪಿಯರ್ ಹೊರಬಲ್ಲೆ’ ಎಂದು ಅದು ಅಡಾಪ್ಟರಿಗೆ ಹೇಳುತ್ತದೆ. ಚಿಪ್ ಇಲ್ಲದಿದ್ದರೆ ಅಡಾಪ್ಟರ್ 60ಕ್ಕೇ ನಿಲ್ಲುತ್ತದೆ. ನಿಮ್ಮ ಲ್ಯಾಪ್‌ಟಾಪ್ 65 ವ್ಯಾಟಿನದು. ಸಾದಾ ಕೇಬಲ್ ಹಾಕಿದರೆ ಚಾರ್ಜ್ ಆಗುತ್ತದೆ, ಆದರೆ ಕೆಲವು ಲ್ಯಾಪ್‌ಟಾಪ್‌ಗಳು ಪರದೆಯಲ್ಲಿ ‘ನಿಧಾನ ಚಾರ್ಜರ್’ ಎಂದು ಗೊಣಗುತ್ತವೆ. ಆ ಐದು ವ್ಯಾಟಿನ ಕೊರತೆಗೆ ಅಡಾಪ್ಟರ್ ಕೆಟ್ಟಿದೆಯೆಂದು ಹೊಸದನ್ನು ಕೊಂಡವರನ್ನು ನೋಡಿದ್ದೇನೆ. ಈಗ ಮಾನ್ಯತೆ ಪಡೆದ ಕೇಬಲ್‌ಗಳ ಮೇಲೆ 60 ವ್ಯಾಟ್ ಅಥವಾ 240 ವ್ಯಾಟ್ ಎಂಬ ಗುರುತು ಇರುತ್ತದೆ.

ಈಗ ದೀಪ. ಇದು ನನಗೆ ಇಷ್ಟವಾದ ಒಗಟು, ಏಕೆಂದರೆ ಇಲ್ಲಿ ದುಬಾರಿ ಕೇಬಲ್ ಸೋಲುತ್ತದೆ, ಪುಕ್ಕಟೆ ಕೇಬಲ್ ಗೆಲ್ಲುತ್ತದೆ. ಹಳೆಯ ಟೈಪ್-ಎ ಪೋರ್ಟು ಮುಗ್ಧ. ಯಾರು ಬಂದರೂ ಬರದಿದ್ದರೂ 5 ವೋಲ್ಟನ್ನು ಬಾಗಿಲಲ್ಲಿ ಹಿಡಿದುಕೊಂಡೇ ನಿಂತಿರುತ್ತದೆ. ಟೈಪ್-ಸಿ ಅಡಾಪ್ಟರ್ ಹಾಗಲ್ಲ. ಎದುರಿಗೆ ನಿಜವಾಗಿಯೂ ಒಂದು ಸಾಧನವಿದೆ ಎಂದು ಖಾತ್ರಿಯಾಗುವ ತನಕ ಅದು ವಿದ್ಯುತ್ತನ್ನೇ ಬಿಡುವುದಿಲ್ಲ. ಆ ಖಾತ್ರಿಗಾಗಿ ಸಾಧನದ ಒಳಗೆ 5.1 ಕಿಲೋ ಓಮ್‌ನ ಎರಡು ರೆಸಿಸ್ಟರ್‌ಗಳು, ಎಂದರೆ ವಿದ್ಯುತ್ತಿಗೆ ಗೊತ್ತಾದ ಅಳತೆಯ ತಡೆ ಒಡ್ಡುವ ಪುಟ್ಟ ಬಿಡಿಭಾಗಗಳು, ಇರಬೇಕು. ಎರಡಕ್ಕೂ ಸೇರಿ ಒಂದು ರೂಪಾಯಿಯೂ ಆಗುವುದಿಲ್ಲ. ಅಗ್ಗದ ದೀಪ, ಟ್ರಿಮ್ಮರ್, ಕೈ ಫ್ಯಾನುಗಳನ್ನು ಮಾಡುವವರು ಅದನ್ನೂ ಉಳಿಸುತ್ತಾರೆ. ಹಳೆಯ ಮೈಕ್ರೋ ಪೋರ್ಟಿನ ಜಾಗಕ್ಕೆ ಟೈಪ್-ಸಿ ತೂತನ್ನು ಬೆಸೆದು ಕೈತೊಳೆದುಕೊಳ್ಳುತ್ತಾರೆ. ಹಾಗಾಗಿ ಆ ದೀಪ ಟೈಪ್-ಎಯಿಂದ ಬರುವ ಕೇಬಲಿನಲ್ಲಿ ಮಾತ್ರ ಚಾರ್ಜ್ ಆಗುತ್ತದೆ.

ಇದು ಬರೀ ಅಗ್ಗದವರ ತಪ್ಪೆಂದು ತಿಳಿಯಬೇಡಿ. 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4 ಎಂಬ ಹೆಸರಾಂತ ಪುಟ್ಟ ಕಂಪ್ಯೂಟರಿನಲ್ಲಿಯೂ ಎರಡು ರೆಸಿಸ್ಟರ್‌ಗಳ ಬದಲು ಒಂದನ್ನೇ ಹಂಚಿಕೊಂಡಿದ್ದರು. ಗುರುತಿನ ಚಿಪ್ ಇರುವ ಉತ್ತಮ ಕೇಬಲ್ ಹಾಕಿದರೆ ಅಡಾಪ್ಟರ್ ಅದನ್ನು ಹೆಡ್‌ಫೋನಿನ ಪರಿಕರವೆಂದು ತಪ್ಪು ತಿಳಿದು ವಿದ್ಯುತ್ ಕೊಡುತ್ತಿರಲಿಲ್ಲ. ಮುಂದಿನ ಆವೃತ್ತಿಯಲ್ಲಿ ಸರಿಪಡಿಸಿದರು.

ಕೇಬಲ್ ನಿಜವಾಗಿ ಅಪಾಯಕಾರಿಯಾಗುವುದು ಯಾವಾಗ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಒಂದು ಕಡೆ ಟೈಪ್-ಎ, ಇನ್ನೊಂದು ಕಡೆ ಟೈಪ್-ಸಿ ಇರುವ ಕೇಬಲಿನ ಮೂತಿಯೊಳಗೆ 56 ಕಿಲೋ ಓಮ್‌ನ ರೆಸಿಸ್ಟರ್ ಇರಬೇಕು. ‘ಆ ತುದಿಯಲ್ಲಿರುವುದು ಹಳೆಯ ಪೋರ್ಟು, ಮಿತಿಯಲ್ಲಿ ಎಳೆದುಕೋ’ ಎಂದು ಅದು ಫೋನಿಗೆ ಹೇಳುತ್ತದೆ. ಕೆಲವರು ಅಲ್ಲಿ 10 ಕಿಲೋ ಓಮ್ ಹಾಕಿದರು. ಅದರ ಅರ್ಥ ‘3 ಆಂಪಿಯರ್ ಎಳೆದುಕೋ’ ಎಂದು. ಸಾಮಾನ್ಯ ಕಂಪ್ಯೂಟರ್ ಪೋರ್ಟಿಗೆ ಅರ್ಧ ಆಂಪಿಯರ್ ಕೊಡುವಷ್ಟೇ ಹೊಣೆ. ಆರು ಪಟ್ಟು ಎಳೆದರೆ ಅದು ಬಿಸಿಯಾಗಿ ಸುಡಬಹುದು. ಗೂಗಲ್ ಎಂಜಿನಿಯರ್ ಬೆನ್ಸನ್ ಲ್ಯೂಂಗ್ 2015ರಲ್ಲಿ ತಾವೇ ಕೇಬಲ್‌ಗಳನ್ನು ಕೊಂಡು ಪರೀಕ್ಷಿಸಿ ಇಂಥವನ್ನು ಒಂದೊಂದಾಗಿ ಬಯಲಿಗೆಳೆದರು. 2016ರ ಫೆಬ್ರುವರಿಯಲ್ಲಿ ಒಂದು ಕೇಬಲಿನೊಳಗೆ ವಿದ್ಯುತ್ ತಂತಿಯೂ ನೆಲತಂತಿಯೂ ಅದಲುಬದಲಾಗಿ, ಅವರ ಲ್ಯಾಪ್‌ಟಾಪೇ ಹಾಳಾಯಿತು. ಮರುತಿಂಗಳು ಅಮೆಜಾನ್ ನಿಯಮ ಪಾಲಿಸದ ಟೈಪ್-ಸಿ ಕೇಬಲ್‌ಗಳನ್ನು ಮಾರಾಟಕ್ಕೆ ನಿಷೇಧಿಸಿತು. ಅಂದಿನಿಂದ ಪರಿಸ್ಥಿತಿ ಸುಧಾರಿಸಿದೆ, ಆದರೆ ಬಸ್ ನಿಲ್ದಾಣದ ಬುಟ್ಟಿಯಲ್ಲಿ ಐವತ್ತು ರೂಪಾಯಿಗೆ ಮಾರುವವರು ಯಾರ ನಿಯಮವನ್ನೂ ಓದಿರುವುದಿಲ್ಲ.

ಅಂಥ ಕೇಬಲಿನ ಇನ್ನೊಂದು ಮೋಸ ತಂತಿಯ ತೆಳುವಿನದು. ಒಂದೂವರೆ ಮೀಟರಿನ ಕೇಬಲಿನಲ್ಲಿ 28 ಗೇಜಿನ ಕೂದಲೆಳೆ ತಂತಿ ಹಾಕಿದರೆ, ಹೋಗಿಬರುವ ದಾರಿ ಸೇರಿ ಸುಮಾರು 0.64 ಓಮ್ ತಡೆ. 2 ಆಂಪಿಯರ್ ಹರಿದರೆ 1.3 ವೋಲ್ಟ್ ದಾರಿಯಲ್ಲಿಯೇ ಬಿಸಿಯಾಗಿ ಕಳೆದುಹೋಗಿ, ಫೋನಿಗೆ 3.7 ಮಾತ್ರ ತಲುಪುತ್ತದೆ. 24 ಗೇಜಿನ ತಂತಿಯಾದರೆ ನಷ್ಟ ಅರ್ಧ ವೋಲ್ಟ್. ಕೇಬಲಿನ ಮೈಮೇಲೆ 28/24 ಎಂದು ಸಣ್ಣದಾಗಿ ಅಚ್ಚಾಗಿರುವುದು ಇದೇ: ಮೊದಲನೆಯದು ಮಾಹಿತಿಯ ತಂತಿ, ಎರಡನೆಯದು ವಿದ್ಯುತ್ತಿನದು. ಎರಡನೆಯ ಸಂಖ್ಯೆ ಚಿಕ್ಕದಿದ್ದಷ್ಟೂ ತಂತಿ ದಪ್ಪ. ಹೊರಗಿನ ರಬ್ಬರಿನ ದಪ್ಪ ನೋಡಿ ಮರುಳಾಗಬೇಡಿ.

ಇಷ್ಟಾದರೂ, ಜೀವಕ್ಕೆ ಅಪಾಯ ಬರುವುದು ಕೇಬಲಿಗಿಂತ ಹೆಚ್ಚಾಗಿ ನಕಲಿ ಅಡಾಪ್ಟರಿನಿಂದ. 230 ವೋಲ್ಟಿನ ಭಾಗಕ್ಕೂ 5 ವೋಲ್ಟಿನ ಭಾಗಕ್ಕೂ ನಡುವೆ ಹಲವು ಮಿಲಿಮೀಟರ್ ಅಂತರ ಇರಬೇಕಾದ ಕಡೆ ಉಗುರಿನ ದಪ್ಪವೂ ಇಲ್ಲದವನ್ನು ಬಿಚ್ಚಿ ನೋಡಿದ್ದೇನೆ. ಎರಡು ಪಿನ್ನಿನ ಒಳ್ಳೆಯ ಅಡಾಪ್ಟರಿನಲ್ಲಿಯೂ ಲೋಹದ ಮೈಯ ಲ್ಯಾಪ್‌ಟಾಪ್ ಸವರಿದರೆ ಸಣ್ಣಗೆ ಜುಮ್ಮೆನ್ನುವುದುಂಟು, ಅದು ಸಹಜ. ಕೈ ಹಿಂದಕ್ಕೆ ಎಳೆದುಕೊಳ್ಳುವಂತೆ ಹೊಡೆದರೆ ಆ ಅಡಾಪ್ಟರನ್ನು ಅಂದೇ ಎಸೆಯಿರಿ. ಭಾರತದಲ್ಲಿ ಮೊಬೈಲ್ ಅಡಾಪ್ಟರುಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಮೈಮೇಲಿನ ಆರ್ ಅಕ್ಷರದಿಂದ ಆರಂಭವಾಗುವ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ತಯಾರಕರು ಯಾರೆಂದು ತಿಳಿಯುತ್ತದೆ. ಹೇಗೂ ನಿಮ್ಮದು ಮಲೆನಾಡು. ಸಿಡಿಲಿನ ದಿನ ಯಾವ ಮುದ್ರೆಯೂ ಕಾಯುವುದಿಲ್ಲ, ಪ್ಲಗ್ ಕಿತ್ತಿಡಿ.

‘ಎಲ್ಲದಕ್ಕೂ ಒಂದೇ ಕೇಬಲ್’ ಇದೆಯೇ? ಇದೆ. 40 ಗಿಗಾಬಿಟ್, 240 ವ್ಯಾಟ್ ಎರಡೂ ಗುರುತು ಇರುವ, ಟೈಪ್-ಸಿಯಿಂದ ಟೈಪ್-ಸಿಗೆ ಹೋಗುವ ಕೇಬಲ್ ಲ್ಯಾಪ್‌ಟಾಪ್, ಎಸ್‌ಎಸ್‌ಡಿ, ಪರದೆ ಎಲ್ಲಕ್ಕೂ ಆಗುತ್ತದೆ. ಆದರೆ ಅದು ದುಬಾರಿ, ಗಿಡ್ಡ, ಬಾಗಲು ಒಲ್ಲದಷ್ಟು ಬಿರುಸು. ಮಂಚದ ಪಕ್ಕದ ಪ್ಲಗ್ಗಿನಿಂದ ದಿಂಬಿಗೂ ಎಟುಕುವುದಿಲ್ಲ. ಅದರಲ್ಲಿ ನಿಮ್ಮ ದೀಪ ಆಗಲೂ ಚಾರ್ಜ್ ಆಗುವುದಿಲ್ಲ, ಫೋನಿಗೆ 67 ವ್ಯಾಟೂ ಸಿಗುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಏನನ್ನೂ ಕೊಳ್ಳುತ್ತಿರಲಿಲ್ಲ. ದಪ್ಪ ಕೇಬಲ್ ಲ್ಯಾಪ್‌ಟಾಪಿಗೆ, ಎಸ್‌ಎಸ್‌ಡಿಯ ಗಿಡ್ಡ ಕೇಬಲ್ ಮಾಹಿತಿ ಸಾಗಿಸಲು, ಫೋನಿನದು ಫೋನಿಗೆ, ತೆಳು ಕೇಬಲ್ ದೀಪಕ್ಕೆ. ಎಸ್‌ಎಸ್‌ಡಿಯ ಕೇಬಲ್ ಸಿಗದಿದ್ದರೆ ಮಾತ್ರ 10 ಗಿಗಾಬಿಟ್ ಎಂದು ಅಚ್ಚಾದ ಅರ್ಧ ಮೀಟರಿನದೊಂದನ್ನು ತನ್ನಿ.

ಉಳಿದ ಹತ್ತನ್ನು ಒಂದು ಸಂಜೆ ಕುಳಿತು ಬೇರ್ಪಡಿಸಿ. ಒಂದೊಂದರಿಂದಲೂ ಫೋನನ್ನು ಲ್ಯಾಪ್‌ಟಾಪಿಗೆ ಜೋಡಿಸಿ ನೋಡಿ. ಚಾರ್ಜ್ ಆದರೂ ಫೈಲ್ ವರ್ಗಾವಣೆಯ ಆಯ್ಕೆ ಫೋನಿನಲ್ಲಿ ಕಾಣದಿದ್ದರೆ ಅದರಲ್ಲಿ ಮಾಹಿತಿಯ ತಂತಿಗಳೇ ಇಲ್ಲ. ಅದನ್ನು ಎಸೆಯಬೇಡಿ; ರೈಲಿನಲ್ಲಿ, ನಿಲ್ದಾಣಗಳಲ್ಲಿ ಕಂಡಕಂಡ ಪೋರ್ಟಿಗೆ ಫೋನು ಹಚ್ಚುವಾಗ ಅದೇ ಕ್ಷೇಮ, ಏಕೆಂದರೆ ಅದರ ಮೂಲಕ ಯಾರೂ ಏನನ್ನೂ ಕದಿಯಲಾರರು. ಒಳ್ಳೆಯವಕ್ಕೆ ಬಿಳಿ ಟೇಪ್ ಸುತ್ತಿ ‘ಡಿಸ್ಕ್’, ‘ಲ್ಯಾಪ್‌ಟಾಪ್’, ‘ಬರೀ ಚಾರ್ಜ್’ ಎಂದು ಬರೆದಿಡಿ. ಮೂತಿಯ ಬುಡದಲ್ಲಿ ತಂತಿ ಕಾಣುವಂತೆ ಸೀಳಿರುವವನ್ನು ಮಾತ್ರ ಎಸೆಯಿರಿ.

ಹೊಸ ಕೇಬಲ್ ಕೂಡ ಫೋನಿನಲ್ಲಿ ಸಡಿಲವಾಗಿ ಅಲುಗಾಡುತ್ತಿದ್ದರೆ, ತೂತಿನ ತಳದಲ್ಲಿ ಜೇಬಿನ ದೂಳು, ನೂಲು ಗಟ್ಟಿಯಾಗಿ ಕೂತಿರುತ್ತದೆ. ಫೋನು ಆಫ್ ಮಾಡಿ, ಮರದ ಹಲ್ಲುಕಡ್ಡಿಯನ್ನು ಸ್ವಲ್ಪ ಚಪ್ಪಟೆ ಮಾಡಿ ಮೆಲ್ಲಗೆ ಕೆರೆದು ತೆಗೆಯಿರಿ. ಸೂಜಿ, ಪಿನ್ನು ಬೇಡವೇ ಬೇಡ. ನಡುವಿನ ನಾಲಿಗೆ ಮುರಿದರೆ ಆಗ ಕೇಬಲಿಗಲ್ಲ, ನನ್ನಂಥವರಿಗೆ ದುಡ್ಡು ಕೊಡಬೇಕಾಗುತ್ತದೆ.